ಸೀಟಿಗೂ ಪಕ್ಕೆ ನೋವು ಬರುತ್ತದೆ

ಕಾರಿನ ಸೀಟಿನ ಪಕ್ಕದ ಬಗ್ಗೆ ಇಷ್ಟೊಂದು ಜನ ತಲೆ ಕೆಡಿಸಿಕೊಂಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಒಬ್ಬರು ಸೈಡ್ ಪ್ಯಾನೆಲ್ ಅನ್ನುತ್ತಾರೆ, ಒಬ್ಬರು ಸೀಟಿನ ಪ್ಲಾಸ್ಟಿಕ್ ಅನ್ನುತ್ತಾರೆ, ಇನ್ನೊಬ್ಬರು ಪಕ್ಕದ ಉಬ್ಬು ಅನ್ನುತ್ತಾರೆ. ಇವು ಎರಡು ಬೇರೆ ಬೇರೆ ವಸ್ತುಗಳು. ಕೂರುವ ಜಾಗದ ಪಕ್ಕದಲ್ಲಿ, ಕೆಳಗೆ, ಲಿವರ್‌ಗಳು ಹೊರಗೆ ಚಾಚಿಕೊಂಡಿರುವ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, ಅದು ಸೈಡ್ ಪ್ಯಾನೆಲ್. ತೊಡೆಗೂ ಬೆನ್ನಿಗೂ ಎರಡು ಕಡೆಯಿಂದ ಒತ್ತು ಕೊಡುವ ಫೋಮಿನ ಉಬ್ಬು ಬೋಲ್‌ಸ್ಟರ್. ಇನ್ನು ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ಹಂಪ್ ಹಾರಿಸಿದಾಗಲೆಲ್ಲ ಡ್ರೈವರ್ ಸೀಟಿನ ಪಕ್ಕದಿಂದ ಟಕ್ ಟಕ್ ಶಬ್ದ. ಗ್ಯಾರೇಜಿನವರು ಸೈಡ್ ಪ್ಯಾನೆಲ್ ಸಡಿಲ ಆಗಿದೆ ಎಂದು ಹೊಸದು ಹಾಕಿದರು. ದುಡ್ಡು ಹೋಯಿತು, ಶಬ್ದ ಹೋಗಲಿಲ್ಲ. — ಓದುಗರೊಬ್ಬರು, ಹುಬ್ಬಳ್ಳಿ

ಸರ್, ಪ್ಯಾನೆಲ್ ಪಾಪದ್ದು. ಅದು ಬರೀ ಮುಚ್ಚಳ. ಒಳಗೆ ಅನ್ನ ಕುದಿಯುತ್ತಿದ್ದರೆ ಮುಚ್ಚಳ ಕುಣಿಯುತ್ತದೆ, ಅಂತ ಮುಚ್ಚಳ ಬದಲಾಯಿಸುತ್ತಾರಾ? ಆ ಪ್ಲಾಸ್ಟಿಕ್ಕಿನ ಹಿಂದೆ ಸೀಟಿನ ಕಬ್ಬಿಣದ ಚೌಕಟ್ಟು ಇದೆ, ಬೆನ್ನು ಹಿಂದಕ್ಕೆ ಒರಗಿಸುವ ರಿಕ್ಲೈನರ್ ಇದೆ, ಸೀಟು ಎತ್ತರಿಸುವ ಹಲ್ಲಿನ ಚಕ್ರ ಇದೆ, ವೈರುಗಳಿವೆ. ಇವುಗಳಲ್ಲಿ ಯಾವುದು ಅಲುಗಾಡಿದರೂ ಶಬ್ದ ಕೇಳಿಸುವುದು ಪ್ಯಾನೆಲ್ಲಿನಿಂದಲೇ, ಏಕೆಂದರೆ ಅದು ತೆಳು ಪ್ಲಾಸ್ಟಿಕ್, ತಮಟೆಯ ಹಾಗೆ.

ಮೊದಲು ಕಾರು ಖಾಲಿ ಮಾಡಿ. ಬಾಗಿಲ ಜೇಬಿನ ನೀರಿನ ಬಾಟಲಿ, ಸೀಟಿನಡಿಯ ಕೊಡೆ, ಪಾನಾ, ಎಲ್ಲ ಹೊರಗೆ. ನಗಬೇಡಿ, ಎಷ್ಟೋ ಶಬ್ದ ಇಲ್ಲೇ ಮುಗಿಯುತ್ತದೆ. ಆಮೇಲೆ ಅದೇ ರಸ್ತೆಯಲ್ಲಿ ಬೇರೆಯವರ ಕೈಗೆ ಗಾಡಿ ಕೊಟ್ಟು, ನೀವು ಹಿಂದೆ ಕೂತು, ಕೈ ಚಾಚಿ ಪ್ಯಾನೆಲ್ ಅದುಮಿ ಹಿಡಿದುಕೊಳ್ಳಿ. ಶಬ್ದ ನಿಂತರೆ ಪ್ಯಾನೆಲ್ಲಿನದೇ. ನಿಲ್ಲದಿದ್ದರೆ ಒಂದೊಂದನ್ನೇ ಹಿಡಿದು ನೋಡಿ: ಬೆಲ್ಟ್ ಸಿಕ್ಕಿಸುವ ಬಕಲ್, ತಲೆದಿಂಬಿನ ಕಂಬಿ. ಇಷ್ಟಕ್ಕೂ ಗೊತ್ತಾಗದಿದ್ದರೆ ಗಾಡಿ ನಿಲ್ಲಿಸಿ, ಸೀಟಿನ ಬೆನ್ನಿನ ಮೇಲ್ತುದಿ ಹಿಡಿದು ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಿ. ಕಟ್ ಕಟ್ ಎಂದು ಆಡಿದರೆ ರಿಕ್ಲೈನರ್ ಸವೆದಿದೆ ಅಥವಾ ಬೋಲ್ಟ್ ಸಡಿಲ ಆಗಿದೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಅಪಘಾತದಲ್ಲಿ ನಿಮ್ಮ ಪೂರ್ತಿ ಭಾರ ಹಿಡಿದುಕೊಳ್ಳುವುದು ಆ ಬೋಲ್ಟುಗಳೇ. ಅವನ್ನು ಕಂಪನಿ ಹೇಳಿದ ಬಿಗಿಗೆ ಟಾರ್ಕ್ ಪಾನಾದಿಂದಲೇ ಕೂರಿಸಬೇಕು.

ಪ್ಯಾನೆಲ್ಲಿನದೇ ಶಬ್ದ ಅಂತ ಗೊತ್ತಾದರೆ ಉಜ್ಜುವ ಜಾಗಕ್ಕೆ ಮೆತ್ತನೆ ಬಟ್ಟೆಯಂಥ ಫೆಲ್ಟ್ ಟೇಪಿನ ತುಂಡು ಅಂಟಿಸಿದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರು ಜಾಸ್ತಿ. ಅದು ನಾಲ್ಕು ದಿನ ಸುಮ್ಮನಿರುತ್ತದೆ, ಐದನೇ ದಿನ ಧೂಳು ಹಿಡಿದು ಮತ್ತೆ ಕಿರ್ ಅನ್ನುತ್ತದೆ.

ನನ್ನದೇ ಕಥೆ ಕೇಳಿ. ಮೂರು ವಾರ ಇಂಥದ್ದೇ ಶಬ್ದದ ಹಿಂದೆ ಬಿದ್ದಿದ್ದೆ. ಕೊನೆಗೆ ಪ್ಯಾನೆಲ್ ಬಿಚ್ಚಿದರೆ ಅದರ ಒಳಮೈಯ ಉಬ್ಬು ಪಟ್ಟಿಗೂ ಚೌಕಟ್ಟಿಗೂ ನಡುವೆ ಒಂದು ಐದು ರೂಪಾಯಿ ನಾಣ್ಯ ನೆಟ್ಟಗೆ ನಿಂತಿತ್ತು, ಹಳೆಯ ದಪ್ಪ ನಾಣ್ಯ, ಒಂದು ಅಂಚು ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಸಿಕ್ಕ ಖುಷಿಗೆ ಬೆರಳು ತೂರಿಸಿದೆ ನೋಡಿ, ಚೌಕಟ್ಟಿನ ತಗಡಿನ ಅಂಚು ಬ್ಲೇಡಿನ ಹಾಗೆ ಕೊಯ್ದುಬಿಟ್ಟಿತು. ಸೀಟಿನಡಿ ಕೈ ಹಾಕುವಾಗ ಗ್ಲೌಸ್ ಹಾಕಿಕೊಳ್ಳಿ. ಯಾರೂ ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಲಿವರ್ ಸಡಿಲ ಆಗಿದೆ ಎಂದು ನಾನೇ ಪ್ಯಾನೆಲ್ ಎಳೆದೆ. ಎರಡು ಲಾಕು ಪಟ್ ಅಂತ ಮುರಿದವು. ಫೆವಿಕ್ವಿಕ್ ಹಾಕಿದೆ, ಎಂ-ಸೀಲ್ ಹಾಕಿದೆ, ವಾರದಲ್ಲಿ ಬಿಟ್ಟುಕೊಂಡಿತು. ಅಂಟೇ ಸರಿ ಇಲ್ಲವಾ? — ಓದುಗರೊಬ್ಬರು, ಪುತ್ತೂರು

ಅಂಟು ಸರಿ ಇದೆ, ಪ್ಲಾಸ್ಟಿಕ್ ಬೇರೆ. ಪ್ಯಾನೆಲ್ಲಿನ ಒಳಮೈ ತಿರುಗಿಸಿ ನೋಡಿ, ಎರಡು ಬಾಣದ ಗುರುತಿನ ನಡುವೆ ಸಣ್ಣ ಅಕ್ಷರ ಇರುತ್ತದೆ. ಎಬಿಎಸ್ (ಬ್ರೇಕಿನದಲ್ಲ, ಇದು ಒಂದು ಜಾತಿಯ ಪ್ಲಾಸ್ಟಿಕ್) ಎಂದಿದ್ದರೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಅದಕ್ಕೆ ಮಾಮೂಲಿ ಅಂಟು ಯಾವುದೂ ಕಚ್ಚುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ. ಸೀಟಿನ ಪಕ್ಕಕ್ಕೆ ಜಾಸ್ತಿ ಹಾಕುವುದು ಇದನ್ನೇ, ಏಕೆಂದರೆ ಒದೆ ತಿಂದರೂ ಬೇಗ ಬಿರಿಯುವುದಿಲ್ಲ.

ಪಿಪಿಯನ್ನು ಕಾಯಿಸಿ ಬೆಸೆಯಬೇಕು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಕು. ಮುರಿದ ಎರಡೂ ಅಂಚು ಸೇರಿಸಿ, ಮೇಲೆ ಸ್ಟೀಲ್ ಬಲೆಯ ಸಣ್ಣ ತುಂಡು ಇಟ್ಟು (ಹಳೆಯ ಟೀ ಸೋಸುವ ಜಾಲರಿ ಕತ್ತರಿಸಿಕೊಂಡರೂ ಆಗುತ್ತದೆ, ಮನೆಯವರನ್ನು ಕೇಳಿ ಕತ್ತರಿಸಿ), ಕಡ್ಡಿಯಿಂದ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಹೂಳಿಬಿಡಿ. ಮೇಲೆ ತುಂಬುವುದಕ್ಕೂ ಪಿಪಿಯೇ ಬೇಕು. ಊಟದ ಪಾರ್ಸೆಲ್ ಬರುವ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದು ಬರೆದಿದ್ದರೆ ಅದು ಪಿಪಿ, ಅದರಿಂದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ಹೊಗೆ ಬರುತ್ತದೆ, ಅಂಗಳದಲ್ಲಿ ಕೂತು ಮಾಡಿ. ಸ್ಕ್ರೂ ಕೂರುವ ತೂತು ಹರಿದಿದ್ದರೆ ಬೆಸುಗೆಯೂ ಬೇಡ, ಅಗಲದ ವಾಷರ್ ಹಾಕಿ ಬಿಗಿದರೆ ಆಯಿತು.

ಇನ್ನು, ಎಳೆದದ್ದೇ ತಪ್ಪಾಯಿತು. ಪ್ಯಾನೆಲ್ ಬರೀ ಲಾಕಿನ ಮೇಲೆ ನಿಂತಿರುವುದಿಲ್ಲ. ಎಲ್ಲೋ ಒಂದೆರಡು ಸ್ಕ್ರೂ ಅಡಗಿ ಕೂತಿರುತ್ತವೆ: ಮುಂದಿನ ತುದಿಯಲ್ಲಿ, ಹಿಂದೆ ಬೆನ್ನಿನ ಕೀಲಿನ ಹತ್ತಿರ, ಕೆಲವು ಗಾಡಿಯಲ್ಲಿ ಎತ್ತರದ ಲಿವರ್‌ನ ಬಿಲ್ಲೆಯ ಅಡಿಯಲ್ಲಿ. ಮೊದಲು ಲಿವರ್ ಬರಬೇಕು, ಆಮೇಲೆ ಪ್ಯಾನೆಲ್. ಲಿವರ್ ಹಿಂದೆ ಒಂದು ತಂತಿಯ ಕ್ಲಿಪ್ ಇದ್ದರೆ ಹಳೆಯ ಕಾರಿನ ಗ್ಲಾಸ್ ಹ್ಯಾಂಡಲ್ ಬಿಚ್ಚುವ ಉಪಾಯವೇ ಇಲ್ಲೂ ನಡೆಯುತ್ತದೆ: ಲಿವರ್‌ಗೂ ಪ್ಯಾನೆಲ್ಲಿಗೂ ನಡುವೆ ತೆಳು ಬಟ್ಟೆ ತೂರಿಸಿ ಆ ಕಡೆ ಈ ಕಡೆ ಎಳೆದಾಡಿದರೆ ಕ್ಲಿಪ್ ಹಾರಿ ಬರುತ್ತದೆ. ನಿಜವಾಗಿ ಹಾರುತ್ತದೆ, ಇನ್ನೊಂದು ಕೈ ಅಡ್ಡ ಹಿಡಿಯಿರಿ. ಗಾಡಿಯನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಕೆಲಸಕ್ಕೆ ಕೂತರೆ ಲಾಕುಗಳು ಮೆತ್ತಗಾಗಿ ಬಾಗುತ್ತವೆ. ಬೆಳಗಿನ ಚಳಿಯಲ್ಲಿ ಎಳೆದರೆ ನಿಮಗಾದ ಗತಿಯೇ.

ಹೊಸದು ತರುವುದಾದರೆ ಚಾಸಿ ನಂಬರ್ ಹೇಳಿ, ಆರ್‌ಎಚ್ ಔಟರ್ ಎಂದು ಕೇಳಿ. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ಬಾಗಿಲ ಕಡೆಯದು ಔಟರ್. ಸುಮ್ನೆ "ಸೀಟಿನ ಪ್ಲಾಸ್ಟಿಕ್ ಕೊಡಿ" ಎಂದರೆ ಮೂರು ಸಲ ಓಡಾಡಿಸುತ್ತಾರೆ.

ಪ್ರಶ್ನೆ: ನಮ್ಮ ಹೊಸ ಕಾರಿನ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂದು ಒಂದು ಸಣ್ಣ ಪಟ್ಟಿ ಇದೆ. ಸೀಟ್ ಕವರ್ ಹಾಕಿಸಬಹುದಾ? ಅಂಗಡಿಯವರು ಏನೂ ಆಗಲ್ಲ ಮೇಡಂ ಅನ್ನುತ್ತಾರೆ. — ಓದುಗರೊಬ್ಬರು, ಮೈಸೂರು

ಮೇಡಂ, ಅಂಗಡಿಯವರ ಮಾತು ನಂಬಬೇಡಿ. ಆ ಪಟ್ಟಿ ಅಲಂಕಾರಕ್ಕೆ ಹಾಕಿದ್ದಲ್ಲ.

ಮುಂದಿನಿಂದ ಡಿಕ್ಕಿ ಆದರೆ ಬಾನೆಟ್ಟು, ಇಂಜಿನ್ನು ಎಲ್ಲ ಮೊದಲು ನಜ್ಜುಗುಜ್ಜಾಗಿ ಆಮೇಲೆ ನಿಮ್ಮವರೆಗೆ ಬರಬೇಕು. ಪಕ್ಕದಿಂದ ಬಡಿದರೆ ನಿಮಗೂ ಆ ಗಾಡಿಗೂ ನಡುವೆ ಇರುವುದು ಒಂದು ಬಾಗಿಲು. ಅದಕ್ಕೇ ಪಕ್ಕದ ಏರ್‌ಬ್ಯಾಗು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಹೊತ್ತಿನಲ್ಲಿ, ಅಂದರೆ 10ರಿಂದ 20 ಮಿಲಿಸೆಕೆಂಡಿನಲ್ಲಿ ಬಿಚ್ಚಿಕೊಳ್ಳಬೇಕು. ಸ್ವೀಡನ್ನಿನ ವೋಲ್ವೋ ಕಂಪನಿ 1994ರಲ್ಲಿ ಇದನ್ನು ಮೊದಲು ತಂದಾಗಲೇ ಬಾಗಿಲಲ್ಲಿ ಇಡದೆ ಸೀಟಿನ ಬೆನ್ನಿನ ಪಕ್ಕದಲ್ಲಿ ಇಟ್ಟಿತು. ಸೀಟು ಹಿಂದೆ ಮುಂದೆ ಹೋದರೆ ಚೀಲವೂ ನಿಮ್ಮ ಜೊತೆಗೇ ಬರುತ್ತದಲ್ಲ, ಅದು ಉಪಾಯ. ಅದು ಹೊರಬರುವುದು ಬೋಲ್‌ಸ್ಟರ್‌ನ ಹೊಲಿಗೆ ಹರಿದುಕೊಂಡು. ಕಂಪನಿಯವರು ಆ ಜಾಗದ ಹೊಲಿಗೆ ಹರಿಯಲಿ ಅಂತಲೇ ಲೆಕ್ಕ ಹಾಕಿ ಹಾಕಿರುತ್ತಾರೆ. ಅದರ ಮೇಲೆ ನೀವು ದಪ್ಪ ರೆಕ್ಸಿನ್ ಎಳೆದು ನೈಲಾನ್ ದಾರದಲ್ಲಿ ಹೊಲಿಸಿದರೆ ಚೀಲ ತಡವಾಗಿ ಬರಬಹುದು, ಅಡ್ಡಾದಿಡ್ಡಿ ಬರಬಹುದು, ಬರದೆಯೂ ಇರಬಹುದು.

ಹಾಕಲೇಬೇಕು ಎಂದಿದ್ದರೆ ನಿಮ್ಮ ಕಾರಿಗೆ ಕಂಪನಿಯೇ ಒಪ್ಪಿದ, ಪಕ್ಕ ತೆರೆದಿರುವ ಅಥವಾ ಹರಿಯುವ ಹೊಲಿಗೆ ಇರುವ ಕವರ್ ಹಾಕಿಸಿ. ಕೂರುವ ಭಾಗಕ್ಕೆ ಮಾತ್ರ ಹಾಸುವ ಬಟ್ಟೆಯೂ ಸಾಕು. ಪಕ್ಕದ ಮನೆಯವರ ಅದೇ ಕಾರಿಗೆ ಹಾಕಿದ್ದಾರಲ್ಲ ಅನ್ನಬೇಡಿ. ಮುಂದಿನ ಎರಡು ಏರ್‌ಬ್ಯಾಗು ಕಡ್ಡಾಯ ಆದಾಗ ಪಕ್ಕದ್ದು ಆಗಲಿಲ್ಲ, ಒಂದೇ ಕಾರಿನ ಒಂದು ವೇರಿಯಂಟಿನಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲದೆ ಇರಬಹುದು.

ಪ್ಯಾನೆಲ್ ಬಿಚ್ಚುವವರೂ ಇಲ್ಲಿ ಕಿವಿ ಕೊಡಿ. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಅಥವಾ ಬೆಲ್ಟನ್ನು ಗಕ್ಕನೆ ಬಿಗಿಯುವ ಪ್ರಿಟೆನ್ಷನರ್‌ನದು, ಎರಡರಲ್ಲೂ ಸಿಡಿಮದ್ದು ಇರುತ್ತದೆ. ಅದನ್ನು ಮುಟ್ಟಬೇಡಿ, ಮಲ್ಟಿಮೀಟರ್ ಅಂತೂ ಹಚ್ಚಲೇಬೇಡಿ. ಅದರ ಹತ್ತಿರ ಕೆಲಸ ಇದ್ದರೆ ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ನಾನಂತೂ ಹತ್ತು ನಿಮಿಷ ಕಾಯುತ್ತೇನೆ, ಒಂದು ಕಾಫಿ ಆಗುತ್ತದೆ. ಕನೆಕ್ಟರ್ ಬಿಚ್ಚಿಟ್ಟು ಮರೆತು ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ, ಎಷ್ಟೋ ಗಾಡಿಗಳಲ್ಲಿ ಅದನ್ನು ಆರಿಸುವುದಕ್ಕೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಬೇಕು.

ಪ್ರಶ್ನೆ: ಮಳೆಗಾಲ ಬಂತೆಂದರೆ ಸೀಟಿನ ಪಕ್ಕದಲ್ಲಿ ಬೆಳ್ಳಗೆ ಬೂಷ್ಟು. ಒರೆಸಿದರೆ ಹೋಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಹಾಜರು. — ಓದುಗರೊಬ್ಬರು, ತೀರ್ಥಹಳ್ಳಿ

ನಿಮ್ಮ ಕಡೆ ಉಪ್ಪಿನಕಾಯಿ ಜಾಡಿಯನ್ನೇ ಬೂಷ್ಟು ಬಿಡುವುದಿಲ್ಲ, ಸೀಟು ಯಾವ ಲೆಕ್ಕ! ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಅದ್ದಿ ಒರೆಸಿ, ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಒಣಗುವವರೆಗೆ ಬಾಗಿಲು ಹಾಕಬೇಡಿ. ಆದರೆ ಇದು ಮೇಲಿನ ಮದ್ದು ಅಷ್ಟೆ. ಸೀಟಿನಡಿಯ ಕಾರ್ಪೆಟ್ ಒತ್ತಿ ನೋಡಿ. ಬೆರಳಿಗೆ ನೀರು ಹತ್ತಿದರೆ ಬೂಷ್ಟಿನ ಬೇರು ಅಲ್ಲಿದೆ. ಎಡಗಡೆ ಕಾಲಿಡುವ ಜಾಗ ಒದ್ದೆ ಇದ್ದರೆ ಎಸಿಯ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿರಬಹುದು, ಎಸಿ ಹಾಕಿದಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುತ್ತದಾ ನೋಡಿ. ತೊಟ್ಟಿಕ್ಕದಿದ್ದರೆ ಅದು ಒಳಗೆ ಸುರಿಯುತ್ತಿದೆ. ಬಾಗಿಲ ರಬ್ಬರ್ ಹರಿದಿದ್ದರೂ ಹೀಗೇ. ಗಾಳಿ ಒಳಗೇ ಸುತ್ತುವ ಗುಂಡಿಯನ್ನು ಮಳೆಗಾಲದಲ್ಲಿ ಆದಷ್ಟು ಒತ್ತಬೇಡಿ.

ಪ್ರಶ್ನೆ: ಡ್ರೈವರ್ ಸೀಟಿನ ಬಲಗಡೆ ಉಬ್ಬು ಚಪ್ಪಟೆ ಆಗಿದೆ, ಮೇಲಿನ ರೆಕ್ಸಿನ್ ಸೀಳಿದೆ, ಕೆಳಗೆ ಹಳದಿ ಪುಡಿ ಉದುರುತ್ತದೆ. ಎಡಗಡೆಯದು ಹೊಸದರ ಹಾಗೇ ಇದೆ. ಯಾಕೆ? — ಓದುಗರೊಬ್ಬರು, ಬಳ್ಳಾರಿ

ಯಾಕೆಂದರೆ ನೀವು ಇಳಿಯುವುದು ಬಲಗಡೆಯಿಂದ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವಾಗ ಪೂರ್ತಿ ಮೈಭಾರ ಆ ಉಬ್ಬಿನ ಮೇಲೆ ಜಾರುತ್ತದೆ. ಜೇಬಿನಲ್ಲಿ ಕೀ ಗೊಂಚಲು ಬೇರೆ. ಹಳದಿ ಪುಡಿ ಒಳಗಿನ ಫೋಮಿನದು, ಚೌಕಟ್ಟಿನ ಕಂಬಿಗೂ ನಿಮಗೂ ನಡುವೆ ಸಿಕ್ಕಿ ಅರೆದುಹೋಗಿದೆ. ರೆಕ್ಸಿನ್ ಸೀಳುವುದಕ್ಕೆ ನಿಮ್ಮೂರಿನ ಬಿಸಿಲೂ ಸೇರಿಕೊಳ್ಳುತ್ತದೆ. ಪಿವಿಸಿ ರೆಕ್ಸಿನ್ನನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಕಾವಿಗೆ ನಿಧಾನವಾಗಿ ಹೊರಟುಹೋಗುತ್ತದೆ, ಆಮೇಲೆ ಹಪ್ಪಳ. ಮಂಗಳೂರು ಕಡೆ ಕಥೆ ಬೇರೆ, ಅಲ್ಲಿ ಪಿಯು (ಪಾಲಿಯುರೆಥೇನ್) ಜಾತಿಯ ಕೃತಕ ಚರ್ಮ ಲೆದರೆಟ್ ಗಾಳಿಯ ತೇವಕ್ಕೇ ಸಿಪ್ಪೆ ಸುಲಿಯುತ್ತದೆ.

ಪೂರ್ತಿ ಸೀಟು ಬದಲಾಯಿಸಬೇಡಿ. ಒಳ್ಳೆಯ ಕುಶನ್ ಅಂಗಡಿ ಹುಡುಕಿ. ಅವರು ಕವರಿನ ಅಂಚನ್ನು ಸೀಟಿನ ತಳದಿಂದ ಬಿಡಿಸಿ, ಫೋಮಿಗೆ ಬಿಗಿದ ಸಣ್ಣ ತಂತಿ ಉಂಗುರಗಳನ್ನು ಕತ್ತರಿಸಿ, ಸತ್ತ ಫೋಮನ್ನು ಗಟ್ಟಿ ಭಾಗ ಸಿಗುವವರೆಗೆ ಕೊಯ್ದು ತೆಗೆಯುತ್ತಾರೆ. ಅಲ್ಲಿಗೆ ಹೊಸ ಫೋಮಿನ ತುಂಡು ರಬ್ಬರ್ ಗಮ್ಮಿನಲ್ಲಿ ಅಂಟಿಸಿ, ಬ್ಲೇಡಿನಲ್ಲಿ ಎಡಗಡೆಯ ಉಬ್ಬಿನ ಆಕಾರಕ್ಕೆ ಸವರುತ್ತಾರೆ. ನೀವು ಒಂದೇ ಮಾತು ಹೇಳಿ: ಫೋಮು ಗಟ್ಟಿದು ಬೇಕು. ಸೋಫಾಕ್ಕೆ ಹಾಕುವ ಮೆತ್ತನೆಯದನ್ನು ತುರುಕಿದರೆ ಅಂಗಡಿಯಲ್ಲಿ ಚಂದ ಕಾಣುತ್ತದೆ, ಮೂರು ತಿಂಗಳಿಗೆ ಕೂರುತ್ತದೆ. ಕಂಬಿಯ ಮೇಲೆ ದಪ್ಪ ಬಟ್ಟೆ ಸುತ್ತಲೂ ಹೇಳಿ. ಬೆನ್ನಿನ ಪಕ್ಕದಲ್ಲಿ ಏರ್‌ಬ್ಯಾಗ್ ಪಟ್ಟಿ ಇದ್ದರೆ ಆ ಭಾಗ ಮಾತ್ರ ಕುಶನ್ ಅಂಗಡಿಗೆ ಕೊಡಬೇಡಿ.

ಸೀಟಿಗೆ ಎತ್ತರದ ಲಿವರ್ ಇದ್ದರೆ ಅದನ್ನು ಎರಡು ಸಲ ಎಳೆದು ಸೀಟು ಸ್ವಲ್ಪ ಎತ್ತರಿಸಿ ನೋಡಿ. ಸೊಂಟದ ಮಟ್ಟಕ್ಕೆ ಬಂದರೆ ಜಾರುವ ಬದಲು ಎದ್ದು ಇಳಿಯುತ್ತೀರಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಮೀಟರ್ 28 ಸಾವಿರ ತೋರಿಸುತ್ತದೆ. ಇಂಜಿನ್ ನೋಡಲು ಮೆಕ್ಯಾನಿಕ್ ಬರುತ್ತಾರೆ, ಒಳಗೆ ನಾನೇ ಏನು ನೋಡಬಹುದು? — ಓದುಗರೊಬ್ಬರು, ಬೆಂಗಳೂರು

ಇವತ್ತಿನ ವಿಷಯಕ್ಕೇ ಬಂದಿರಿ! ಡ್ರೈವರ್ ಸೀಟಿನ ಪಕ್ಕ ನೋಡಿ. ಮೀಟರ್ ತಿರುಗಿಸುವುದು ಸುಲಭ, ಬೋಲ್‌ಸ್ಟರ್ ತಿರುಗಿಸುವುದಕ್ಕೆ ಆಗುವುದಿಲ್ಲ. 28 ಸಾವಿರ ಕಿಲೋಮೀಟರ್ ಓಡಿದ ಗಾಡಿಯ ಬಲಗಡೆ ಉಬ್ಬು ನೆಟ್ಟಗಿರಬೇಕು. ಅದು ಕುಸಿದಿದ್ದರೆ, ಜೊತೆಗೆ ಲಿವರ್ ಮೇಲಿನ ಗುರುತು ಉಜ್ಜಿಹೋಗಿದ್ದರೆ, ಕ್ಲಚ್ ಪೆಡಲ್ಲಿನ ರಬ್ಬರೂ ನುಣ್ಣಗಾಗಿದ್ದರೆ, ಮಾರುವವರನ್ನು ಸರ್ವಿಸ್ ದಾಖಲೆ ಕೇಳಿ. ಹೊಚ್ಚ ಹೊಸ ಸೀಟ್ ಕವರ್ ಹಾಕಿದ್ದರೆ ಅದರ ಮೇಲಿಂದಲೇ ಉಬ್ಬನ್ನು ಹೆಬ್ಬೆರಳಿನಲ್ಲಿ ಅದುಮಿ. ಒಳಗಿನ ಕಂಬಿ ಕೈಗೆ ಸಿಕ್ಕರೆ ಕವರ್ ಯಾಕೆ ಹಾಕಿದ್ದಾರೆ ಅಂತ ಗೊತ್ತಾಯಿತಲ್ಲ.

ಆಮೇಲೆ ಪ್ಯಾನೆಲ್ಲಿನ ಸ್ಕ್ರೂ. ಮೊಬೈಲ್ ಟಾರ್ಚ್ ಹಾಕಿ ತಲೆ ನೋಡಿ. ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚುವುದೇನು ಅಪರಾಧ ಅಲ್ಲ, ಆದರೆ ಯಾಕೆ ಅಂತ ಕೇಳಿ. ಸ್ಕ್ರೂ ತಲೆಗೆ, ಸೀಟಿನಡಿಯ ಸ್ಪ್ರಿಂಗಿಗೆ, ಸೀಟು ಜಾರುವ ಹಳಿಯ ಮೂಲೆಗೆ ಒಂದೇ ಸಮ ತುಕ್ಕು ಹಿಡಿದಿದ್ದರೆ ನನಗೆ ಅನುಮಾನ ಬರುವುದು ನೀರಿನ ಮೇಲೆ. 2022ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕಾರುಗಳು ಮುಳುಗಿ ನಿಂತಿದ್ದು ನೆನಪಿದೆ ಅಲ್ವಾ? ಹಾಗೆ ಮುಳುಗಿದ ಗಾಡಿಗೆ ಶಾಂಪೂ ಹಾಕಿ ಸೀಟು ಫಳಫಳ ಮಾಡಬಹುದು, ಪ್ಯಾನೆಲ್ಲಿನ ಒಳಮೈಗೆ ಕೈ ಹೋಗುವುದಿಲ್ಲ. ಕೆಳಗಿನ ಸಂದಿಯಿಂದ ಟಾರ್ಚ್ ಹಿಡಿದರೆ ಪ್ಲಾಸ್ಟಿಕ್ಕಿನ ಉಬ್ಬು ಪಟ್ಟಿಗಳ ನಡುವೆ ಒಣಗಿದ ಕೆಸರಿನ ಗೆರೆ ಕಾಣುತ್ತದೆ, ಕೆರೆ ಇಳಿದ ಮೇಲೆ ದಡದಲ್ಲಿ ಉಳಿಯುವ ಗೆರೆಯ ಹಾಗೆ. ಬೆಲ್ಟನ್ನೂ ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಕಲೆ ಅಲ್ಲೂ ಉಳಿದಿರುತ್ತದೆ.

ಕೊನೆಗೆ ಏರ್‌ಬ್ಯಾಗ್ ದೀಪ. ಕೀ ಆನ್ ಮಾಡಿದಾಗ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೇ ಇದ್ದರೆ ತೊಂದರೆ. ಹತ್ತದೇ ಇದ್ದರೆ ಇನ್ನೂ ದೊಡ್ಡ ತೊಂದರೆ, ಯಾರೋ ಬಾಯಿ ಮುಚ್ಚಿಸಿರಬಹುದು. ಎರಡು ಮುಂದಿನ ಸೀಟುಗಳ ಪಕ್ಕದ ಹೊಲಿಗೆ ಹೋಲಿಸಿ ನೋಡಿ, ದಾರದ ಬಣ್ಣ ಬೇರೆ, ಪಟ್ಟಿ ಒಂದರಲ್ಲಿ ಇದೆ ಇನ್ನೊಂದರಲ್ಲಿ ಇಲ್ಲ ಎಂದರೆ ಆ ಚೀಲ ಒಮ್ಮೆ ಹೊರಬಂದಿರಬಹುದು.

ಮುರಿದ ಪ್ಯಾನೆಲ್ ಒಂದೇ ತೊಂದರೆ ಆಗಿದ್ದರೆ ಗಾಡಿ ಬಿಡಬೇಡಿ. ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಪ್ರಶ್ನೆ: ಪ್ಯಾನೆಲ್ ಹೊಳೆಯುವುದಕ್ಕೆ ಯಾವ ಪಾಲಿಶ್? — ಓದುಗರೊಬ್ಬರು, ದಾವಣಗೆರೆ

ಯಾವುದೂ ಬೇಡ. ಬಕೆಟ್ ನೀರಿಗೆ ಎರಡು ಹನಿ ಶಾಂಪೂ, ಹಿಂಡಿದ ಬಟ್ಟೆ. ಸಿಲಿಕೋನ್ ಪಾಲಿಶ್ ಹಾಕಿದರೆ ಲಿವರ್ ಕೈಯಿಂದ ಜಾರುತ್ತದೆ, ಧೂಳು ಕೂರುತ್ತದೆ, ಮತ್ತೆ ನೀವು ಪಾಲಿಶ್ ಕೊಳ್ಳುತ್ತೀರಿ.

ಪ್ರಶ್ನೆ: ಸೀಟಿಗೂ ಹ್ಯಾಂಡ್‌ಬ್ರೇಕಿಗೂ ನಡುವಿನ ಸಂದಿಗೆ ಫೋನ್ ಬಿದ್ದರೆ ತೆಗೆಯುವುದು ಹೇಗೆ? ಸೀಟು ಹಿಂದಕ್ಕೆ ತಳ್ಳಿದರೆ ಇನ್ನೂ ಒಳಗೆ ಹೋಗುತ್ತದೆ. — ಓದುಗರೊಬ್ಬರು, ಶಿರಸಿ

ಗಾಡಿ ನಿಲ್ಲಿಸಿ ತಂಗಿ, ಮೊದಲು ಅದು. ಓಡಿಸುತ್ತಾ ಕೈ ಹಾಕಬೇಡ. ಸೀಟನ್ನೂ ಸದ್ಯಕ್ಕೆ ಅಲ್ಲಾಡಿಸಬೇಡ, ಮೋಟಾರಿನ ಸೀಟಾದರೆ ಗುಂಡಿ ಮುಟ್ಟಲೇಬೇಡ. ವಿಮಾನದಲ್ಲಿ ಫೋನ್ ಸೀಟಿನೊಳಗೆ ಬಿದ್ದರೆ ಸೀಟು ಸರಿಸಬೇಡಿ, ನಮ್ಮನ್ನು ಕರೆಯಿರಿ ಅನ್ನುತ್ತಾರೆ, ಕೇಳಿರಬಹುದು. ಹಳಿಗೂ ಚೌಕಟ್ಟಿಗೂ ಸಿಕ್ಕಿ ಫೋನಿನ ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿಯೇ ಹತ್ತಬಹುದು, ಅದಕ್ಕೆ. ಹಿಂದಿನ ಸೀಟಿನಿಂದ ಬಗ್ಗಿ, ಟಾರ್ಚ್ ಹಾಕಿ, ಫೋನ್ ಎಲ್ಲಿದೆ ನೋಡು. ಹಳಿಯಿಂದ ದೂರ ಇದ್ದರೆ ಆಮೇಲೆ ಸೀಟು ನಿಧಾನಕ್ಕೆ ಮುಂದೆ ಸರಿಸಿ ಹಿಂದಿನಿಂದ ತೆಗೆ. ಸಂದಿಯಲ್ಲೇ ನಿಂತಿದ್ದರೆ ಮಕ್ಕಳ ಮರದ ಸ್ಕೇಲಿನ ತುದಿಗೆ ಎರಡೂ ಕಡೆ ಅಂಟುವ ಟೇಪ್ ಸುತ್ತಿ, ಫೋನಿಗೆ ಒತ್ತಿ ಮೇಲೆತ್ತು. ಅದರ ಜೊತೆ ಎರಡು ಪೆನ್ನು, ಒಂದು ಕಿವಿಯೋಲೆ, ನಾಲ್ಕು ಕಡಲೆಬೀಜ ಬಂದರೆ ಆಶ್ಚರ್ಯ ಪಡಬೇಡ.